ಒಂದು ಕೈಗೆ ಎರಡು ವೀಳ್ಯ

ಬಂಗಾರಮ್ಮನಿಗೆ ಕೋಪ ಬರಲು ಕಾರಣವೇ ಬೇಡ ಎಂದು ಭದ್ರಾವತಿಯ ಓಲ್ಡ್ ಟೌನಿನಲ್ಲಿ ಆಡಿಕೊಳ್ಳುತ್ತಿದ್ದರು. ಶುದ್ಧ ಸುಳ್ಳು. ಕಾರಣ ಯಾವಾಗಲೂ ಇರುತ್ತಿತ್ತು, ಮತ್ತು ಆ ಕಾರಣ ಬಹುಪಾಲು ಅವಳ ಗಂಡ ಚೌಡಪ್ಪನೇ ಆಗಿರುತ್ತಿದ್ದ. ಅವನು ಫೌಂಡ್ರಿಯಲ್ಲಿ ಕರಗಿದ ಕಬ್ಬಿಣ ಹೊಯ್ಯುವ ಆಳು. ಇವಳು ಶಿಫ್ಟ್ ಬಿಡುವ ಹೊತ್ತಿಗೆ ಕಾರ್ಖಾನೆ ರಸ್ತೆಯಲ್ಲಿ ಒಲೆ ಹೂಡಿ ಮಂಡಕ್ಕಿ, ಮೆಣಸಿನಕಾಯಿ ಬೋಂಡ ಮಾರುವವಳು. ಇಬ್ಬರದೂ ಬೆಂಕಿಯ ಮುಂದಿನ ಕೆಲಸ. ಇಬ್ಬರೂ ತಣ್ಣಗೆ ಮಾತಾಡಿದ್ದನ್ನು ಕೇಳಿದವರಿಲ್ಲ.

ಇವರಿಗೆ ಒಬ್ಬಳೇ ಮಗಳು, ಉಚ್ಚಂಗಿ. ಹದಿಮೂರು ವರ್ಷ. ಬೆಳಗಿನ ರೈಲಿಗೆ ಶಿವಮೊಗ್ಗಕ್ಕೆ ಹೋಗಿ ಅಲ್ಲಿನ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಓದುತ್ತಿದ್ದಳು. ಓದು ಅಷ್ಟಕ್ಕಷ್ಟೇ. ಆದರೆ ರಿಂಗ್ ಆಟಕ್ಕೆ ನಿಂತಳೆಂದರೆ! ಅವಳು ಎಸೆದ ರಬ್ಬರ್ ರಿಂಗು ನೆಟ್ ದಾಟಿ ಸಪಾಟಾಗಿ ಹೋಗಿ, ಎದುರಿನವಳು ಕೈ ಎತ್ತುವಷ್ಟರಲ್ಲಿ ನೆಲ ಮುಟ್ಟಿರುತ್ತಿತ್ತು. ರಿಂಗು ಗಾಳಿಯಲ್ಲಿ ತೂರಾಡಿದರೆ ಫೌಲು. ಉಚ್ಚಂಗಿಯದು ತೂರಾಡುತ್ತಲೇ ಇರಲಿಲ್ಲ. ಆಗ ಅವಳಿಗೆ ಯಾರೂ ಏನೂ ಕಲಿಸಿರಲಿಲ್ಲ ಎಂಬುದೊಂದನ್ನು ನೆನಪಿಟ್ಟುಕೊಳ್ಳಿ.

ಕೆಟ್ಟದ್ದು ಅರವತ್ತೊಂದರ ವಿಜಯದಶಮಿಯ ದಿನ. ಅಂದು ಗುರುವಿಗೆ ವೀಳ್ಯ ಕೊಟ್ಟು ಒಪ್ಪಿಸಿದ ಮಕ್ಕಳಿಗೆ ವಿದ್ಯೆ ಬೇಗ ಹತ್ತುತ್ತದೆ. ಬಂಗಾರಮ್ಮ ಬೆಳಿಗ್ಗೆಯೇ ಶಿವಮೊಗ್ಗದ ಹೊಸಮನೆ ಬಡಾವಣೆಗೆ ಹೋಗಿ, ಶಾಲೆಯ ಡ್ರಿಲ್ ಟೀಚರ್ ಜಗದಾಂಬಾ ಅವರ ಮುಂದೆ ತಟ್ಟೆಯಲ್ಲಿ ಎಲೆ, ಅಡಿಕೆ, ಬಾಳೆಹಣ್ಣು ಇಟ್ಟು ಕಾಲಿಗೆ ಬಿದ್ದಳು. "ನನ್ ಮಗಳ ಕೈ ಇನ್ಮೇಲೆ ನಿಮ್ದು ಟೀಚರ್. ಜನವರೀಲಿ ಜಿಲ್ಲಾ ಟೀಮಿಗೆ ಆರಿಸ್ತಾರಂತೆ. ಅಷ್ಟರೊಳಗೆ ತಿದ್ದಿ ಕೊಡಿ" ಎಂದಳು. ಟೀಚರ್ ಅಡಿಕೆ ಬಾಯಿಗೆ ಹಾಕಿಕೊಂಡು ಒಪ್ಪಿದರು.

ಅದೇ ಸಾಯಂಕಾಲ ಚೌಡಪ್ಪ ಭದ್ರಾವತಿಯಲ್ಲಿ ಶೇಷಪ್ಪನವರ ಮನೆಗೆ ಹೋದ. ಶೇಷಪ್ಪ ಪೆನ್ಶನ್ ಆದವರು, ಹರೆಯದಲ್ಲಿ ರಿಂಗಿನಲ್ಲೂ ಬಾಲ್ ಬ್ಯಾಡ್ಮಿಂಟನ್ನಿನಲ್ಲೂ ಕಪ್ ಗೆದ್ದು ತಂದವರು. ಅವರಿಗೂ ಎಲೆ, ಅಡಿಕೆ, ಬಾಳೆಹಣ್ಣು. ಅದೇ ಮಾತು, ಅದೇ ಕೈ!

ಗಂಡನೂ ಹೆಂಡತಿಯೂ ಒಬ್ಬರಿಗೊಬ್ಬರು ಬಾಯಿ ಬಿಟ್ಟಿರಲಿಲ್ಲ. ಮಾಡಿ ಮುಗಿಸಿ ಬಂದು ಹೇಳಿ ಶಭಾಷ್ ಅನ್ನಿಸಿಕೊಳ್ಳುವ ಚಪಲ ಇಬ್ಬರಿಗೂ. ಹೇಳಿಕೊಂಡಾಗ ಮನೆಯ ಹೆಂಚು ಹಾರುವುದೊಂದು ಬಾಕಿ.

"ನಾಳೇನೇ ಹೋಗಿ ಶೇಷಪ್ಪೋರಿಂದ ವೀಳ್ಯ ವಾಪಸ್ ತಗೊಂಡ್ ಬನ್ನಿ" ಎಂದಳು ಬಂಗಾರಮ್ಮ.

"ಕೊಟ್ಟ ವೀಳ್ಯ ವಾಪಸ್ ತರೋರು ಮದುವೆ ಮುರಿದೋರು ಮಾರಾಯ್ತಿ! ನಾಲ್ಕು ಜನದ ಮುಂದೆ ನಾನು ಮಾತು ತಪ್ಪಿದವನು ಅನ್ನಿಸ್ಕೊಳ್ಬೇಕಾ? ನೀನೇ ತಾ, ನಿನ್ ಟೀಚರ್ ಹತ್ರ."

"ನಾನ್ಯಾಕೆ ತರ್ಲಿ? ನಾನು ಬೆಳಿಗ್ಗೆ ಕೊಟ್ಟೋಳು. ನೀವು ಸಂಜೆ ಕೊಟ್ಟೋರು."

ವೀಳ್ಯದ ಮಾತು, ಇಬ್ಬರೂ ಬಗ್ಗುವವರಲ್ಲ. ಕೊನೆಗೆ ಒಂದೇ ಒಂದು ವಿಷಯಕ್ಕೆ ಇಬ್ಬರೂ ಒಪ್ಪಿದರು: ಒಬ್ಬ ಗುರುವಿನ ಸುದ್ದಿ ಇನ್ನೊಬ್ಬರ ಕಿವಿಗೆ ಬೀಳಕೂಡದು. ಉಚ್ಚಂಗಿಯನ್ನು ದೇವರ ಮುಂದೆ ನಿಲ್ಲಿಸಿ ಆಣೆ ಮಾಡಿಸಿದರು. ಇಷ್ಟು ಬುದ್ಧಿವಂತ ಅಪ್ಪ ಅಮ್ಮ ಯಾರಿಗೆ ಸಿಕ್ಕಾರು!

ಆಮೇಲೆ ಶುರುವಾಯಿತು. ವಾರದ ಐದು ದಿನ ಶಿವಮೊಗ್ಗದಲ್ಲಿ ಜಗದಾಂಬಾ ಟೀಚರ್: "ಮೊಣಕೈ ಪಕ್ಕೆಗೆ ಅಂಟಿರ್ಲಿ. ಮಣಿಕಟ್ಟು ಮಾತ್ರ ತಿರುಗ್ಬೇಕು. ಭುಜ ಎತ್ತಿದ್ರೆ ಗ್ರೌಂಡ್ ಸುತ್ತಿಸ್ತೀನಿ." ಶನಿವಾರ, ಭಾನುವಾರ ಭದ್ರಾವತಿಯಲ್ಲಿ ಶೇಷಪ್ಪ: "ಮಣಿಕಟ್ಟು ಒನಕೆ ಹಂಗೆ ಗಟ್ಟಿ ಇರ್ಬೇಕು. ಭುಜದಿಂದ ಬರ್ಲಿ ತಾಯಿ, ಭುಜದಿಂದ! ಯಾವ ದರಿದ್ರದೋರು ಕಲಿಸಿದ್ರೋ ನಿನಗೆ ಈ ಕೈ ತಿರುಚೋದನ್ನ?" ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುತ್ತಾರಲ್ಲ, ಹಾಗೆ. ಉಚ್ಚಂಗಿ ಸೋಮವಾರ ಶೇಷಪ್ಪನವರನ್ನು ಮರೆಯಬೇಕು, ಶನಿವಾರ ಟೀಚರನ್ನು ಮರೆಯಬೇಕು. ಯಾಕೆ ಮರೆಯಲಾಗುತ್ತಿಲ್ಲ ಎಂದು ಹೇಳುವಂತೆಯೂ ಇಲ್ಲ.

ಬಂಗಾರಮ್ಮನಿಗೆ ಕಂಡದ್ದು ಇಷ್ಟೇ: ಹುಡುಗಿ ಸೊರಗುತ್ತಿದ್ದಾಳೆ, ಮಾತು ಕಮ್ಮಿಯಾಗಿದೆ. "ಎಲ್ಲಾ ನಿಮ್ ಶೇಷಪ್ಪನ ಕೃಪೆ" ಎಂದು ಗಂಡನಿಗೆ ಚುಚ್ಚಿದಳು. ಅವನು "ನಿನ್ ಟೀಚರಮ್ಮನ ಪ್ರಸಾದ" ಎಂದ.

ಸಂಕ್ರಾಂತಿ ಬಂತು. ಎಳ್ಳು ಬೀರಲು ಉಚ್ಚಂಗಿಗೆ ಲಂಗ ಉಡಿಸಿ ಬಂಗಾರಮ್ಮನೇ ಜೊತೆಗೆ ಹೊರಟಳು. ಪಕ್ಕದ ಮನೆಯ ಚೌಡಮ್ಮ ಸೆರಗೊಡ್ಡಿ ನಿಂತಿದ್ದಾಳೆ, ಈ ಹುಡುಗಿ ಎಳ್ಳುಬೆಲ್ಲದ ಪೊಟ್ಟಣವನ್ನು ಎಡಗೈಯಲ್ಲಿ ಚಾಚಬೇಕೇ! ವರ್ಷದ ಹಬ್ಬದ ದಿನ, ಮುತ್ತೈದೆಗೆ, ಎಡಗೈಯಲ್ಲಿ! ಚೌಡಮ್ಮ ಸೆರಗು ಹಿಂದಕ್ಕೆಳೆದುಕೊಂಡು ಒಳಗೆ ಹೋದಳು. ಬಂಗಾರಮ್ಮನಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದು ಹೋಯಿತು. ಬೀದಿಯಲ್ಲೇ ಮಗಳ ಕೆನ್ನೆಗೆ ಬಾರಿಸಿದಳು.

"ಮಾನ ಕಳೀತೀಯಾ? ಬಲಗೈಗೆ ಏನ್ ರೋಗ ಬಂದಿದೆ?"

ಉಚ್ಚಂಗಿ ಅವಳ ಮುಖ ನೋಡಿದಳು. ತಟ್ಟೆಯನ್ನು ಎಡಗೈಗೆ ಬದಲಿಸಿಕೊಂಡು, ಉಳಿದ ಮನೆಗಳಿಗೆಲ್ಲ ಹಲ್ಲು ಕಚ್ಚಿ ಬಲಗೈಯಲ್ಲೇ ಎಳ್ಳು ಕೊಟ್ಟಳು. ಬಂಗಾರಮ್ಮನಿಗೆ ಸಮಾಧಾನವಾಯಿತು.

ಹತ್ತು ದಿನ ಕಳೆದು ಶಿವಮೊಗ್ಗದಲ್ಲಿ ಆಯ್ಕೆಯ ಆಟ. ಬಂಗಾರಮ್ಮ ಒಲೆ ಹೂಡದೆ ರಜ ಮಾಡಿ ಮಗಳ ಜೊತೆ ಬಂದಳು. ಚೌಡಪ್ಪ ಬರುವುದಿಲ್ಲ ಎಂದವನು ಮುಂದಿನ ರೈಲಿಗೆ ಬಂದಿಳಿದ. ಬಂದದ್ದು ಒಬ್ಬನೇ ಅಲ್ಲ, ಶೇಷಪ್ಪನವರನ್ನೂ ಕರೆತಂದಿದ್ದ. ಗುಟ್ಟು ಹಾಗಿರಲಿ, ಶಿಷ್ಯೆಯ ಆಟ ಗುರುಗಳು ನೋಡಬೇಡವೇ! ಅಂಕಣದ ಈ ಬದಿಗೆ ಜಗದಾಂಬಾ ಟೀಚರ್, ಕೊರಳಲ್ಲಿ ಸೀಟಿ. ಆ ಬದಿಗೆ ಶೇಷಪ್ಪ, ಕಂಕುಳಲ್ಲಿ ಛತ್ರಿ. ನಡುವೆ ಉಚ್ಚಂಗಿ, ಕೈಯಲ್ಲಿ ರಿಂಗು.

"ಮೊಣಕೈ ಒಳಗೆ!" ಎಂದು ಟೀಚರ್ ಕೂಗಿದರು.

"ಭುಜ ಬಿಡು ತಾಯಿ, ಭುಜ!" ಎಂದು ಶೇಷಪ್ಪ ಕೂಗಿದರು.

ರಿಂಗು ತೂರಾಡುತ್ತ ಹೋಗಿ ನೆಟ್ಟಿಗೆ ಬಡಿಯಿತು. ಫೌಲು. ಇನ್ನೊಮ್ಮೆ ಎಸೆದಳು, ಇನ್ನೊಮ್ಮೆ ಫೌಲು. ಮೂರನೆಯದನ್ನು ಎಸೆಯಲು ಕೈ ಹಿಂದಕ್ಕೆಳೆದವಳು "ಅವ್ವಾ" ಎಂದು ಕೂಗಿ ಕೂತುಬಿಟ್ಟಳು. ಮೊಣಕೈಯ ಮೇಲೆ ಇಳಿಬಿಟ್ಟಿದ್ದ ರವಿಕೆಯ ತೋಳು ಸರಿಯಿತು. ಒಳಗೆ ಕೀಲು ನಿಂಬೆಹಣ್ಣಿನಷ್ಟು ಊದಿ ಕೆಂಪಗಾಗಿತ್ತು.

ಇಬ್ಬರು ಗುರುಗಳೂ ಓಡಿ ಬಂದರು. ಬಂದವರು ಹುಡುಗಿಯನ್ನು ನೋಡಲಿಲ್ಲ, ಒಬ್ಬರನ್ನೊಬ್ಬರು ನೋಡಿದರು.

"ಯಾರ್ರೀ ನೀವು? ನನ್ನ ಹುಡುಗಿಗೆ ಭುಜ ಭುಜ ಅಂತ ಹೇಳೋಕೆ?"

"ನಿಮ್ಮ ಹುಡುಗಿ ಹೇಗಮ್ಮ? ನನಗೆ ವೀಳ್ಯ ಕೊಟ್ಟಿದಾರೆ!"

"ವೀಳ್ಯ ಕೊಟ್ಟಿರೋದು ನನಗೆ!"

ಚೌಡಪ್ಪ ನೆಲ ನೋಡಿದ. ಬಂಗಾರಮ್ಮ ನೋಡಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ನಡುವೆ ನುಗ್ಗಿದಳು.

"ಬಾಯ್ ಮುಚ್ಚಿ ಇಬ್ರೂ! ದೊಡ್ಡೋರು ಅಂತ ಕಾಲಿಗೆ ಬಿದ್ವಿ. ಮೂರು ತಿಂಗಳಿಂದ ಈ ಕೈ ಹಿಡ್ಕೊಂಡು ತಿದ್ದಿದೀರಲ್ಲ, ಊದಿರೋದು ಒಬ್ಬರ ಕಣ್ಣಿಗೂ ಬೀಳ್ಲಿಲ್ವಾ? ನೀವೂ ಅಷ್ಟೇ ಮಾರಾಯ್ರೇ" ಎಂದು ಗಂಡನ ಕಡೆ ತಿರುಗಿದಳು, "ಮಾತು ತಪ್ಪಲ್ಲ ಅಂದ್ರಲ್ಲ, ಈಗ ಇಟ್ಕೊಳ್ಳಿ ನಿಮ್ ಮಾತನ್ನ! ಮಗಳ ಕೈ ಹೋದ್ರೆ ಹೋಗ್ಲಿ. ಒಬ್ರು, ಒಬ್ರೇ ಒಬ್ರು, ನೋಯ್ತಾ ಅಂತ ಕೇಳಿದ್ರಾ?"

ಕೆಳಗಿನಿಂದ ಉಚ್ಚಂಗಿಯ ದನಿ ಬಂತು.

"ನೀನ್ ಕೇಳಿದ್ಯಾ?"

"ಏನಂದೆ?"

"ನೀನ್ ಕೇಳಿದ್ಯಾ ಅವ್ವ? ಸಂಕ್ರಾಂತಿ ದಿನ ಎಡಗೈಲಿ ಎಳ್ಳು ಕೊಟ್ಟೆ ಅಂತ ಬೀದೀಲಿ ಹೊಡೆದ್ಯಲ್ಲ. ಯಾಕೆ ಎಡಗೈ ಅಂತ ಕೇಳಿದ್ಯಾ?" ಅವಳು ಅಳುತ್ತಿರಲಿಲ್ಲ. ಮೂಗು, ಕೆನ್ನೆ ಕೋಪದಿಂದ ಕೆಂಪಾಗಿದ್ದವು. "ಯಾರ ಹತ್ರಾನೂ ಹೇಳ್ಬೇಡ ಅಂತ ಆಣೆ ಹಾಕಿಸಿದ್ರಿ. ಎಲ್ಲಿ ನೋಯ್ತು, ಯಾರಿಂದ ನೋಯ್ತು ಅಂತ ನಾನು ಯಾರಿಗೆ ಹೇಳ್ಬೇಕಿತ್ತು?"

ಬಂಗಾರಮ್ಮನಿಗೆ ಹಬ್ಬದ ದಿನ ನೆನಪಾಯಿತು. ಬಲಗೈಗೆ ಏನು ರೋಗ ಎಂದು ಕೇಳಿದವಳು ತಾನೇ. ಉತ್ತರಕ್ಕೆ ಕಾಯದೆ ಮುಂದಿನ ಮನೆಗೆ ನಡೆಸಿದವಳೂ ತಾನೇ. ಹೊಡೆದ ಅಂಗೈ ಈಗ ಉರಿಯತೊಡಗಿತು.

ಆಯ್ಕೆಗೆ ಬಂದಿದ್ದ ನರಸಿಂಹಮೂರ್ತಿ ಎಂಬುವವರು ಹೆಸರಿನ ಪಟ್ಟಿ ಹಿಡಿದು ಹತ್ತಿರ ಬಂದರು. "ಇನ್ನೊಂದು ಗಂಟೆ ಟೈಮ್ ಕೊಡ್ತೀನಿ. ಆಡ್ತಾಳೋ, ಹೆಸರು ಹೊಡೆದು ಹಾಕ್ಲೋ?"

"ಬಿಗಿಯಾಗಿ ಪಟ್ಟಿ ಕಟ್ಟಿದ್ರೆ..." ಎಂದರು ಟೀಚರ್. "ಬಿಸಿ ಎಣ್ಣೆ ಹಚ್ಚಿದ್ರೆ..." ಎಂದರು ಶೇಷಪ್ಪ. ಚೌಡಪ್ಪ ಹೆಂಡತಿಯ ಮುಖ ನೋಡಿದ. ಬಂಗಾರಮ್ಮ ಮಗಳ ಪಕ್ಕ ಮಣ್ಣಿನಲ್ಲೇ ಕುಕ್ಕರಗಾಲಲ್ಲಿ ಕೂತಳು.

"ನೀನೇ ಹೇಳವ್ವ" ಎಂದಳು. ಅವಳು ಅಷ್ಟು ಮೆಲ್ಲಗೆ ಮಾತಾಡಿದ್ದು ಚೌಡಪ್ಪನಿಗೂ ಹೊಸದು.

"ಹೊಡೆದು ಹಾಕಿ ಸಾರ್" ಎಂದಳು ಉಚ್ಚಂಗಿ. "ವಾಸಿಯಾದ ಮೇಲೆ ಮುಂದಿನ ವರ್ಷ ಬರ್ತೀನಿ. ಮೊದಲು ಹೆಂಗ್ ಎಸೀತಿದ್ನೋ ಹಂಗೇ ಎಸೀತೀನಿ."

ನರಸಿಂಹಮೂರ್ತಿ ಪಟ್ಟಿಯಲ್ಲಿ ಗೆರೆ ಎಳೆದರು. ಮಗಳನ್ನು ಎಬ್ಬಿಸಲು ಬಂಗಾರಮ್ಮ ಕೈ ಚಾಚಿದಳು. ಉಚ್ಚಂಗಿ ಆ ಕೈ ಹಿಡಿಯಲಿಲ್ಲ. ಎಡಗೈಯನ್ನು ನೆಲಕ್ಕೂರಿ ತಾನೇ ಎದ್ದಳು, ಲಂಗದ ಮಣ್ಣು ಕೊಡವಿದಳು.

"ಮುಂದಿನ ವರ್ಷ ನಾನೊಬ್ಳೇ ಬರ್ತೀನಿ" ಎಂದಳು. "ನೀವ್ಯಾರೂ ಬಂದು ನಿಂತ್ಕೋಬೇಡಿ. ನೀನೂ ಅಷ್ಟೇ ಅವ್ವ."