ನೀಲಿ ಅಂಗಿಯ ತೋಳು

“ನಿಮ್ಮ ನಿಮ್ಮ ಮಕ್ಕಳ ಜಾಗದಲ್ಲೇ ಕೂತ್ಕೊಳ್ಳಿ” ಎಂದು ಟೀಚರ್ ಹೇಳಿದ್ದೇ ತಡ, ತರಗತಿಯ ತುಂಬ ನಗು ಎದ್ದಿತು. ಎರಡನೇ ತರಗತಿಯ ಕುರ್ಚಿಗಳು, ಮೊಣಕಾಲಿನಷ್ಟು ಎತ್ತರ. ಡ್ರೈವಿಂಗ್ ಸ್ಕೂಲ್ ನಡೆಸುವ ಭಾರೀ ಆಸಾಮಿಯೊಬ್ಬ ತನ್ನ ಮಗನ ಕುರ್ಚಿಯನ್ನು ಒಮ್ಮೆ ಅಲ್ಲಾಡಿಸಿ ನೋಡಿ, “ಇದು ಮುರಿದ್ರೆ ಶಾಲೆಯವರದೇ ಜವಾಬ್ದಾರಿ” ಎಂದು ಮೆಲ್ಲಗೆ ಕೂತ.

ಶಾಲೆಯ ಆಯಾ ಮಕ್ಕಳನ್ನು ಆಟದ ಕೋಣೆಗೆ ಕರೆದೊಯ್ದಿದ್ದಳು. ಹೋಗುವ ಮೊದಲು ಅವರೆಲ್ಲ ತಮಗೆ ತುಂಬ ಇಷ್ಟವಾದ ಒಂದು ವಸ್ತುವನ್ನು ಮನೆಯವರಿಗಾಗಿ ಮೇಜಿನ ಮೇಲೆ ಇಟ್ಟಿದ್ದರು. ಒಂದು ಕಡೆ ಬಣ್ಣದ ಗೋಲಿ, ಇನ್ನೊಂದು ಕಡೆ ಚಕ್ರ ಕಳಚಿದ ಕಾರು, ಮತ್ತೊಂದು ಕಡೆ ಅರ್ಧ ಚೀಪಿ ಮತ್ತೆ ಕಾಗದ ಸುತ್ತಿದ ಪೆಪ್ಪರ್‌ಮೆಂಟು.

ತಾಯಿಯೊಬ್ಬಳು ಬಾಗಿಲಲ್ಲೇ ನಿಂತಳು. ಮಗನ ಜಾಗ ಯಾವುದೆಂದು ಯಾರೂ ಹೇಳಬೇಕಾಗಿರಲಿಲ್ಲ. ಕಿಟಕಿಯ ಪಕ್ಕದ ಜೋಡಿ ಮೇಜಿನ ಮೇಲೆ ಅವಳ ಹಳೇ ನೀಲಿ ಅಂಗಿಯ ತೋಳು ನೀಟಾಗಿ ಮಡಿಸಿಟ್ಟಿತ್ತು.

ಅಂಗಿ ಹರಿದಾಗ ಅವಳೇ ಆ ತೋಳನ್ನು ಕತ್ತರಿಸಿ, ಅಂಚು ಹೊಲಿದು ಮಗನಿಗೆ ಕೊಟ್ಟಿದ್ದಳು. ಗಾರ್ಮೆಂಟ್ಸಿನಲ್ಲಿ ದಿನವಿಡೀ ಕಾಲರ್ ಹೊಲಿಯುವವಳಿಗೆ ಅದೆಷ್ಟರ ಕೆಲಸ. ಮಗ ಅದರೊಳಗೆ ಕೈ ತೂರಿಸಿಕೊಂಡೇ ಉಣ್ಣುತ್ತಿದ್ದ, ತೂರಿಸಿಕೊಂಡೇ ಮಲಗುತ್ತಿದ್ದ. ಒಗೆಯಲು ತೆಗೆದರೂ ಮನೆ ಎದ್ದು ಕೂರುವಂತೆ ಕಿರುಚುತ್ತಿದ್ದ. ಆ ತೋಳನ್ನು ಬಿಟ್ಟು ಅವನು ಆಚೆ ಕೋಣೆಗೆ ಹೋಗಿದ್ದಾನೆ ಅಂದರೆ ಅವಳಿಗೆ ನಂಬುವುದೇ ಕಷ್ಟವಾಯಿತು.

ಕುರ್ಚಿಯ ಮುಂಗಾಲುಗಳಿಗೆ ಅಡ್ಡಲಾಗಿ ಸೈಕಲ್ ಟ್ಯೂಬಿನ ಪಟ್ಟಿ ಬಿಗಿದಿತ್ತು. ಆ ಗಂಟು ಗಂಡನದು. ಪಂಕ್ಚರ್ ಅಂಗಡಿಯ ಮನುಷ್ಯ, ಇಂಥದೊಂದು ಮಾಡಿಕೊಟ್ಟೆ ಎಂದು ಬಾಯಿಬಿಟ್ಟಿರಲಿಲ್ಲ. ಮಗನನ್ನು ಶಾಲೆಗೆ ಬಿಡುವುದು, ಕರೆತರುವುದು ಎಲ್ಲ ಅವನದೇ. ಅವಳು ಈ ಶಾಲೆಯ ಮೆಟ್ಟಿಲು ಹತ್ತಿದ್ದು ಇವತ್ತೇ ಮೊದಲು. ಟೀಚರಿಗೂ ಅವಳ ಗುರುತಿಲ್ಲ.

ಅವಳು ಆ ಕುರ್ಚಿಗೆ ಕೈ ಹಾಕುವಷ್ಟರಲ್ಲಿ ಹಿಂದಿನ ಮೇಜಿನ ಹೆಂಗಸು ಅವಳ ರಟ್ಟೆ ಹಿಡಿದು ಈಚೆಗೆಳೆದಳು. ಬ್ಯಾಂಕಿನ ಗುರುತಿನ ಚೀಟಿ ಕೊರಳಲ್ಲೇ ಇತ್ತು, ಕೆಲಸದಿಂದ ನೇರ ಬಂದಿದ್ದಳು. “ಅಯ್ಯೋ, ಅಲ್ಲಿ ಬೇಡ ಕಣ್ರೀ. ಅದು ಆ ಕಿರುಚೋ ಹುಡುಗನ ಜಾಗ. ನಿಮ್ಮದು ಪಕ್ಕದ್ದು. ನೀವು ಇಲ್ಲಿ ಕೂರೋ ಹುಡುಗಿ ಚಿಕ್ಕಮ್ಮ ಅಲ್ವಾ? ಅವಳ ತಾತನಿಗೆ ಹುಷಾರಿಲ್ಲ, ಯಾರನ್ನಾದ್ರೂ ಕಳಿಸ್ತಾರೆ ಅಂತ ನನ್ನ ಮಗಳು ಅಂದಿದ್ಲು.”

ಅಲ್ಲ ಎನ್ನಬೇಕಿತ್ತು. ಆದರೆ ಆ ಹೆಂಗಸಿನ ಮುಖದಲ್ಲಿ ನಗುವಿತ್ತು, ಕೈ ಇನ್ನೂ ಅವಳ ರಟ್ಟೆಯ ಮೇಲೇ ಇತ್ತು. ಹಿಂದಿನ ಎರಡು ಶಾಲೆಗಳಲ್ಲಿ ಯಾವ ತಾಯಿಯೂ ಅವಳಿಗೆ ಮುಖ ಕೊಟ್ಟು ಮಾತಾಡಿರಲಿಲ್ಲ. ಗೇಟಿನ ಹತ್ತಿರ ಅವಳು ಬಂದು ನಿಂತರೆ ಸಾಕು, ಉಳಿದವರಿಗೆ ಇದ್ದಕ್ಕಿದ್ದಂತೆ ಫೋನ್ ಬರುತ್ತಿತ್ತು.

“ಹೂಂ” ಎಂದಳು.

ಹಾಗೆ ಅವಳು ಮಗನ ಪಕ್ಕದ ಕುರ್ಚಿಯಲ್ಲಿ ಕೂತಳು. ಎದುರಿಗೆ ಯಾರದೋ ಮಗು ಇಟ್ಟ ಕೆಂಪು ಗುಂಡಿ. ಕೈ ಚಾಚಿದರೆ ಸಿಗುವಷ್ಟು ದೂರದಲ್ಲಿ ನೀಲಿ ತೋಳು. ಬ್ಯಾಂಕಿನವಳು ಹಿಂದಿನಿಂದ ಬಗ್ಗಿ ಏನೇನೋ ಹೇಳುತ್ತಲೇ ಇದ್ದಳು, ಬಸ್ಸಿನ ತಾಪತ್ರಯ, ಮಗಳ ಹಲ್ಲು ಬಿದ್ದದ್ದು, ಅತ್ತೆಯ ಮಂಡಿ ನೋವು. ಅವಳೂ ನಗುತ್ತ ಉತ್ತರ ಕೊಟ್ಟಳು. ಎಷ್ಟು ಸಲೀಸು ಇದು, ಬೇರೆಯವರೆಲ್ಲ ದಿನಾ ಹೀಗೇ ಬದುಕುತ್ತಾರಲ್ಲ ಅನ್ನಿಸಿತು.

ಹೆಡ್‌ಮಾಸ್ತರರು ಬಂದು ಕರಿಹಲಗೆಯ ಪಕ್ಕ ನಿಂತರು. ಒಳ್ಳೆಯ ಮನುಷ್ಯ, ಆದರೆ ಯಾರಿಗೂ ಇಲ್ಲವೆಂದು ಹೇಳಲಾರದ ಮನುಷ್ಯ. “ಎಲ್ಲರಿಗೂ ಗೊತ್ತಿರೋ ವಿಷಯವೇ. ಆ ಹುಡುಗನನ್ನ ಈ ತರಗತಿಯಲ್ಲಿ ಇಟ್ಟುಕೊಳ್ಳೋದಾ ಬೇಡವಾ ಅಂತ ಇವತ್ತು ಒಂದು ತೀರ್ಮಾನಕ್ಕೆ ಬರೋಣ” ಎಂದರು.

ಅವಳಿಗೆ ಇದು ಗೊತ್ತಿರಲಿಲ್ಲ. ಸುಮ್ಮನೆ ಮಾಮೂಲಿ ಸಭೆ ಎಂದುಕೊಂಡು ಅರ್ಧ ದಿನ ರಜೆ ಹಾಕಿ ಬಂದಿದ್ದಳು. ನೀನೂ ಒಂದು ಸಲ ಹೋಗಿ ಬಾ, ಟೀಚರ್ ಕರೆದಿದ್ದಾರೆ ಎಂದಷ್ಟೇ ಗಂಡ ಹೇಳಿದ್ದ.

“ನಮಗೇನು ಆ ಮಗೂ ಮೇಲೆ ದ್ವೇಷನಾ ಸರ್? ಪಾಪ” ಎಂದಳು ಬ್ಯಾಂಕಿನವಳು. “ಆದ್ರೆ ನಮ್ಮ ಮಕ್ಕಳ ಪಾಠ?”

“ನನ್ನ ಮಗ ಮನೇಲಿ ಅವನ ಥರ ಕಿರುಚಿ ತೋರಿಸ್ತಾನೆ” ಎಂದ ಡ್ರೈವಿಂಗ್ ಸ್ಕೂಲಿನವನು. “ಮೊದಮೊದಲು ನಗು ಬರ್ತಿತ್ತು. ಈಗ ಬರಲ್ಲ.”

ಟೀಚರ್ ಮೆಲ್ಲಗೆ ಹೇಳುತ್ತ ಹೋದಳು. ಸದ್ದಾದರೆ ಅವನಿಗೆ ಆಗುವುದಿಲ್ಲ ಎಂದು ಮಕ್ಕಳೇ ಮೇಜಿನ ಕಾಲುಗಳಿಗೆ ಬಟ್ಟೆ ಸುತ್ತಿದ್ದು, ಅವನ ಕಾಲು ಒದೆಯದಿರಲೆಂದು ಅವನಪ್ಪ ಟ್ಯೂಬು ಕಟ್ಟಿಕೊಟ್ಟಿದ್ದು, ಅದನ್ನು ನೋಡಿ ಇನ್ನೂ ನಾಲ್ಕು ಮಕ್ಕಳು ತಮಗೂ ಬೇಕೆಂದು ಹಟ ಹಿಡಿದದ್ದು. “ಮೊದಲು ದಿನಾ ಕಿರುಚ್ತಿದ್ದ. ಈಗ ಯಾವಾಗ್ಲೋ ಒಂದು ಸಲ. ಮಕ್ಕಳು ಅವನನ್ನ ಕಲಿತುಕೊಂಡಿದ್ದಾರೆ ಸರ್. ಇನ್ನು ಸ್ವಲ್ಪ ದಿನ ಕೊಡಿ. ಅವನ ತಾಯಿ ಬರ್ತೀನಿ ಅಂದಿದ್ರಂತೆ, ಅವರ ಮಾತೂ ಒಂದು ಕೇಳೋಣ.” ಹೇಳುತ್ತ ಖಾಲಿ ಕುರ್ಚಿಯ ಕಡೆ ನೋಡಿದಳು. ಆಮೇಲೆ ಬಾಗಿಲ ಕಡೆ.

ಆಗಲೇ ಆಚೆ ಕೋಣೆಯಿಂದ ಕಿರುಚಾಟ ಕೇಳಿಸಿತು.

ಒಂದೇ ಸಮನೆ, ಉಸಿರು ಎಳೆದುಕೊಳ್ಳಲು ಮಾತ್ರ ನಿಲ್ಲುವ ಕೂಗು. ತಾಯಿಗೆ ಅದರ ಅರ್ಥ ಗೊತ್ತಿತ್ತು. ಅದು ಸಿಟ್ಟಲ್ಲ, ನೋವಲ್ಲ. ತೋಳು ಬೇಕು ಅಷ್ಟೇ. ಅಮ್ಮ ಬರುತ್ತಾಳೆಂದು ಇಟ್ಟುಹೋಗಿದ್ದಾನೆ, ತಡೆದುಕೊಳ್ಳುವಷ್ಟು ತಡೆದುಕೊಂಡಿದ್ದಾನೆ, ಇನ್ನು ಆಗುತ್ತಿಲ್ಲ. ಅದನ್ನೆತ್ತಿಕೊಂಡು ಹತ್ತು ಹೆಜ್ಜೆ ನಡೆದರೆ ಕೂಗು ನಿಲ್ಲುತ್ತದೆ. ಆದರೆ ಎತ್ತಿಕೊಂಡರೆ ತಾನು ಯಾರೆಂದು ಗೊತ್ತಾಗುತ್ತದೆ. ಇಷ್ಟು ಹೊತ್ತು ಸುಳ್ಳು ಹೇಳಿ ಕೂತವಳೆಂದೂ ಗೊತ್ತಾಗುತ್ತದೆ. ಅವಳ ಬೆರಳುಗಳು ಮೇಜಿನ ಅರ್ಧದವರೆಗೆ ಹೋಗಿ ನಿಂತವು.

“ನೋಡಿದ್ರಾ?” ಎಂದ ಡ್ರೈವಿಂಗ್ ಸ್ಕೂಲಿನವನು.

ಬ್ಯಾಂಕಿನವಳು ಅವಳ ಬೆನ್ನು ಮುಟ್ಟಿದಳು. “ನೀವು ಹೇಳಿ. ಅವನ ಪಕ್ಕದಲ್ಲೇ ಕೂರೋ ಮಗು ಮನೆಯವರು ನೀವು. ನಮಗಿಂತ ನಿಮ್ಮ ಮಾತಿಗೆ ತೂಕ ಜಾಸ್ತಿ.”

ಎಲ್ಲರೂ ತಿರುಗಿ ನೋಡಿದರು. ಹೆಡ್‌ಮಾಸ್ತರರು ಹೇಳಿ ಎನ್ನುವಂತೆ ತಲೆಯಾಡಿಸಿದರು. ಆಚೆ ಕೋಣೆಯಲ್ಲಿ ಮಗ ಕೂಗುತ್ತಿದ್ದ. ಅವಳು ನೀಲಿ ತೋಳಿನಿಂದ ಕಣ್ಣು ತೆಗೆದಳು.

“ಬೇರೆ ಶಾಲೆಗೆ ಹಾಕಿದ್ರೆ... ಅವನಿಗೂ ಒಳ್ಳೇದೇನೋ” ಎಂದಳು.

ಅಷ್ಟೇ. ಬ್ಯಾಂಕಿನವಳು ಉಸಿರು ಬಿಟ್ಟು, “ನೋಡಿ, ಎಷ್ಟು ಮೆತ್ತಗೆ ಹೇಳಿದ್ರು” ಎಂದಳು. ಟೀಚರ್ ಕೈಯಲ್ಲಿದ್ದ ಸೀಮೆಸುಣ್ಣವನ್ನು ಡಬ್ಬಿಗೆ ಹಾಕಿದಳು.

ಅಷ್ಟರಲ್ಲಿ ಬಾಗಿಲು ತೆರೆಯಿತು. ಕೊರಳಿಗೆ ಮಫ್ಲರ್ ಸುತ್ತಿದ ಮುದುಕರೊಬ್ಬರು ಕೆಮ್ಮುತ್ತ ಒಳಗೆ ಬಂದರು. ಬಸ್ ಕಂಡಕ್ಟರಾಗಿ ನಿವೃತ್ತರಾದವರು, ನಿಂತಲ್ಲೇ ಇಡೀ ಕೋಣೆಗೆ ಕೇಳುವಂತೆ ಮಾತಾಡುವ ಅಭ್ಯಾಸ ಹೋಗಿರಲಿಲ್ಲ. “ತಡವಾಯ್ತು, ಬೇಜಾರು ಮಾಡ್ಕೋಬೇಡಿ. ಜ್ವರ. ಮೊಮ್ಮಗಳು ಬಿಡಲಿಲ್ಲ, ನೀನು ಬರಲೇಬೇಕು ತಾತ, ನನ್ನ ಫ್ರೆಂಡನ್ನ ಕಳಿಸಿಬಿಡ್ತಾರೆ ಅಂತ ಒಂದೇ ಗೋಳು.” ಕಿಟಕಿಯ ಕಡೆ ಬಂದು ಕೆಂಪು ಗುಂಡಿ ನೋಡಿ ನಕ್ಕರು. “ಅಮ್ಮಾ, ಇದು ನನ್ನ ಸೀಟು ಕಣಮ್ಮ. ಪಕ್ಕದ್ದು ಖಾಲಿ ಇದೆಯಲ್ಲ.”

ಅವಳು ಎದ್ದು ನಿಂತಳು. ಎಲ್ಲಿಗೆ ಹೋಗಬೇಕೆಂದು ತಿಳಿಯದೆ ನಿಂತೇ ಇದ್ದಳು. ಮುದುಕರು ಕೂತು ಮಾತು ಮುಂದುವರಿಸಿದರು. “ಆ ಹುಡುಗನಿಂದ ನಮ್ಮ ಮನೇಲಿ ಈಗ ಯಾರೂ ಬಾಗಿಲು ಧಡಾರ್ ಅನ್ನಿಸಲ್ಲ ಸರ್. ಮೊಮ್ಮಗಳ ಕಾಟ. ಅವನು ನಮ್ಮನೆಗೆ ಬಂದ್ರೆ ಸದ್ದಾಗಬಾರದು, ಈಗಿಂದಲೇ ಅಭ್ಯಾಸ ಮಾಡ್ಕೊಳ್ಳಿ ಅಂತಾಳೆ.”

ಯಾರೂ ನಗಲಿಲ್ಲ. ಬ್ಯಾಂಕಿನವಳು, “ಹಾಗಾದ್ರೆ ನೀವ್ಯಾರು?” ಎಂದು ಅವಳನ್ನು ಕೇಳುತ್ತಿದ್ದಳು.

ಉತ್ತರ ಬಾಗಿಲಿನಿಂದ ಬಂತು. ಆಯಾ ಹುಡುಗನ ಕೈ ಹಿಡಿದುಕೊಂಡು ಬಂದಿದ್ದಳು. ಅವನ ಮುಖವೆಲ್ಲ ಕಣ್ಣೀರು, ಸಿಂಬಳ. “ಅವನ ತೋಳು ಇಲ್ಲೇ ಇದೆಯಂತೆ ಟೀಚರ್, ಮಕ್ಕಳು ಹೇಳಿದ್ರು” ಎಂದಳು. ಹುಡುಗ ಒಳಗೆ ಬಂದವನೇ ನಿಂತಿದ್ದ ತಾಯಿಯನ್ನು ಕಂಡು ಕೂಗು ನಿಲ್ಲಿಸಿದ. ತೋಳಿನ ಕಡೆ ನೋಡಲೂ ಇಲ್ಲ. ನೇರ ಬಂದು ಅವಳ ಬೆರಳು ಹಿಡಿದು ಎಳೆದ. ಟ್ಯೂಬು ಕಟ್ಟಿದ ಕುರ್ಚಿಯ ಮುಂದೆ ನಿಲ್ಲಿಸಿ, ಸೊಂಟ ಒತ್ತಿ ಕೂರಿಸಿದ. ಆಮೇಲೆ ನೀಲಿ ತೋಳನ್ನು ಎತ್ತಿ, ಅವಳ ಕೈಯನ್ನು ಅದರೊಳಗೆ ತೂರಿಸಿದ. ಅದು ಹೋಗದು. ಆದರೂ ತೂರಿಸುತ್ತಲೇ ಇದ್ದ.

“ಅಮ್ಮ ಬಂತು” ಎಂದ, ಯಾರಿಗೂ ಅಲ್ಲದಂತೆ.

ಬ್ಯಾಂಕಿನವಳು ಬಾಯಿಗೆ ಕೈ ಇಟ್ಟುಕೊಂಡಳು. “ನನಗೆ ಒಂದು ಮಾತು ಹೇಳಬಾರದಿತ್ತಾ? ಎದುರಿಗೇ ಏನೇನೋ ಆಡಿಸಿಬಿಟ್ರಲ್ಲ” ಎಂದಾಗ ಅವಳ ದನಿಯಲ್ಲಿ ಸಿಟ್ಟಿಗಿಂತ ಅಳುವೇ ಹೆಚ್ಚಿತ್ತು.

ಹೆಡ್‌ಮಾಸ್ತರರು ಕನ್ನಡಕ ತೆಗೆದು ಒರೆಸಿಕೊಂಡರು. ಮುಖದ ಮೇಲೆ ಭಾರ ಇಳಿದವರ ಕಳೆಯಿತ್ತು. “ಸರಿ. ತಾಯಿಯ ಬಾಯಿಂದಲೇ ಬಂತಲ್ಲ, ಇನ್ನು ನಾವು ಹೇಳೋದೇನಿದೆ? ಈ ತಿಂಗಳು ಮುಗೀಲಿ, ಆಮೇಲೆ ಬೇರೆ ಶಾಲೆಗೆ ಹಾಕಿ.”

“ಸರ್, ನಾನು... ಅದು ಬಾಯಿತಪ್ಪಿ...” ಎಂದಳು ಅವಳು.

“ಇಲ್ಲಮ್ಮ, ಯೋಚನೆ ಮಾಡಿಯೇ ಹೇಳಿದ್ದೀರಿ. ಸರಿಯಾಗೇ ಹೇಳಿದ್ದೀರಿ.” ಅವರು ಅದನ್ನು ಸಮಾಧಾನವೆಂಬಂತೆ ಹೇಳಿದರು, ಹೇಳಿ ಹೊರಟೂಬಿಟ್ಟರು.

ಕುರ್ಚಿಗಳು ಕಿರುಗುಟ್ಟಿದವು. ಕೆಲವರು ಅವಳನ್ನು ನೋಡದೆ ಹೋದರು, ಕೆಲವರು ನೋಡಿಯೂ ಹೋದರು. ಟೀಚರ್ ಬಂದು ಅವಳ ಮುಂದೆ ಮೊಣಕಾಲೂರಿ ಕೂತು, ಹುಡುಗನ ಮೂಗು ಒರೆಸಿದಳು.

“ಈ ಕುರ್ಚಿ ನೋಡ್ತಾ ನೋಡ್ತಾನೇ ಮಾತಾಡ್ತಿದ್ದೆ” ಎಂದಳು. “ನೀವೊಬ್ಬರು ಬಂದು ಅವನನ್ನ ಕಳಿಸಬೇಡಿ ಅಂದ್ರೆ ಸಾಕು, ಉಳಿದವರನ್ನ ಒಪ್ಪಿಸ್ತೀನಿ ಅಂದುಕೊಂಡಿದ್ದೆ.”

ಅವಳಿಗೆ ಮುಖವೆತ್ತಲಾಗಲಿಲ್ಲ. ತಾನು ಮಾಡಿದ್ದು ಯಾವ ಶತ್ರುವೂ ಮಾಡದ ಕೆಲಸ ಎಂದು ಅವಳಿಗೆ ಗೊತ್ತಿತ್ತು. ಮನೆಗೆ ಹೋಗಿ ಗಂಡನಿಗೆ ಏನು ಹೇಳುವುದು? ಅವನು ಬೈಯುವವನಲ್ಲ. ಮತ್ತೊಂದು ಶಾಲೆ ಹುಡುಕಲು ಸೈಕಲ್ ಹತ್ತುತ್ತಾನೆ.

ಮಗ ಅವಳ ಕಾಲು ಹಿಡಿದು ಒಂದೊಂದಾಗಿ ಟ್ಯೂಬಿನ ಮೇಲಿಟ್ಟ. ಹೀಗೆ ಒತ್ತಬೇಕು ಎಂದು ಕೈಯಿಂದ ಅದುಮಿ ತೋರಿಸಿದ. ಅವಳು ಒತ್ತಿದಳು. ಟ್ಯೂಬು ತಗ್ಗಿ ಮತ್ತೆ ಮೇಲೆ ಬಂತು. ಅವನು ನಕ್ಕ.

ಕೊನೆಗೆ ಉಳಿದವರು ಕಂಡಕ್ಟರ್ ತಾತ. ಮೊಮ್ಮಗಳ ಕೆಂಪು ಗುಂಡಿಯನ್ನು ಜೇಬಿಗೆ ಹಾಕಿಕೊಂಡು ಎದ್ದರು. ಹೊರಗೆ ಹೋಗಿ ತಿರುಗಿ ನಿಂತು, ಬಾಗಿಲನ್ನು ಎರಡೂ ಕೈಯಿಂದ ಹಿಡಿದು, ಇಷ್ಟಿಷ್ಟೇ ಎಳೆಯುತ್ತ ಬಂದರು. ಹುಡುಗ ಸದ್ದಿಗಾಗಿ ಹೆಗಲು ಕುಗ್ಗಿಸಿ, ಕಿವಿ ಮುಚ್ಚಿಕೊಂಡು ಕಾದ. ಬಾಗಿಲು ಸದ್ದಿಲ್ಲದೆ ಮುಚ್ಚಿಕೊಂಡಿತು.