ಡ್ರಮ್ಮಿನ ಚೀಟಿ

"ಕೈಯಲ್ಲಿ ಉಗುರಿಲ್ವೇನೇ ಮುಂಡೆ? ಕೆರಿ ಸರಿಯಾಗಿ. ಒಂದಕ್ಷರ ಉಳಿದ್ರೂ ನಾಳೆಯಿಂದ ಈ ಕಡೆ ತಲೆ ಹಾಕ್ಬೇಡ."

ಮೇಸ್ತ್ರಿ ಬೆನ್ನ ಹಿಂದೆ ನಿಂತು ಬೊಗಳಿದ. ಮುಂಡೆಯಂತೆ, ಗಂಡ ಸತ್ತವಳಂತೆ. ಆಸ್ಪತ್ರೆಯಲ್ಲಿ ನನ್ನ ಗಂಡ ಇನ್ನೂ ಉಸಿರಾಡುತ್ತಿದ್ದ.

ಹಡಗು ಒಡೆದು ಕಡಲ ತುಂಬ ಎಣ್ಣೆ ಹರಡಿತ್ತು. ಆ ಎಣ್ಣೆಯನ್ನು ಒಡೆದು ನೀರಿನೊಳಗೆ ಕರಗಿಸುವ ಔಷಧಿ ಡ್ರಮ್ಮುಗಳಲ್ಲಿ ಬರುತ್ತಿತ್ತು. ನನ್ನ ಗಂಡ ಮತ್ತು ಉಳಿದ ಗಂಡಸರು ದೋಣಿಯಲ್ಲಿ ಹೋಗಿ ಸಿಂಪಡಿಸುತ್ತಿದ್ದರು. ಅದಕ್ಕೂ ಮುಂಚೆ ಡ್ರಮ್ಮಿಗೆ ಅಂಟಿಸಿದ್ದ ಚೀಟಿಯನ್ನು ನೆನೆಸಿ ಕೆರೆದು ತೆಗೆಯುವುದು ನಮ್ಮ, ಹೆಂಗಸರ ಕೆಲಸ. ಚೀಟಿಯಲ್ಲಿ ತಲೆಬುರುಡೆಯ ಚಿತ್ರವಿತ್ತು, ಪೇಪರಿನವರು ಕಂಡರೆ ರಂಪ ಮಾಡುತ್ತಾರಂತೆ. ಅದೇ ಕಾರಣಕ್ಕೆ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಲೂ ಬಿಡುತ್ತಿರಲಿಲ್ಲ. ಪಾತ್ರೆ ತೊಳೆಯುವ ಸೋಪಿನ ನೀರು ಅಷ್ಟೇ ಎಂದಿದ್ದ ಮೇಸ್ತ್ರಿ.

ನಾವೂ ನಂಬಿದೆವು, ದಡ್ಡ ಶಿಖಾಮಣಿಗಳು. ಮೈಗೆ ಮೆತ್ತಿದ ಎಣ್ಣೆ ಯಾವ ಸೋಪಿಗೂ ಜಗ್ಗದು, ಈ ಔಷಧಿ ಹಚ್ಚಿದರೆ ಥಟ್ಟನೆ ಬಿಡುತ್ತಿತ್ತು. ದಿನಾ ಸಂಜೆ ಅದರಲ್ಲೇ ಬಟ್ಟೆ ಅದ್ದಿ ಗಂಡನ ಬೆನ್ನು ಉಜ್ಜುತ್ತಿದ್ದೆ. ನನ್ನ ಕೈಯಾರೆ ಉಜ್ಜಿದೆ. ಆಮೇಲೆ ಅವನಿಗೆ ಉಚ್ಚೆ ಕೆಂಪಗೆ ಬಂತು, ಉಸಿರು ಮೇಲೆ ಕೆಳಗೆ ಆಯಿತು. ಕಂಪನಿ ಡಾಕ್ಟರು ಬಿಸಿಲಿನ ಸುಸ್ತು ಎಂದು ಎರಡು ಮಾತ್ರೆ ಕೊಟ್ಟು ಕೈತೊಳೆದುಕೊಂಡ.

ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ಮಾತ್ರ ಕೂರಿಸಿ ಕೇಳಿದರು. "ಯಾವ ಔಷಧಿ ಅಂತ ಗೊತ್ತಾಗದೆ ನಾನೇನು ಮಾಡ್ಲಮ್ಮ? ಡ್ರಮ್ಮಿನ ಮೇಲೆ ಬರೆದಿರತ್ತೆ, ಅದನ್ನ ತಗೊಂಡು ಬಾ. ಬೇಗ."

ರಾಶಿ ರಾಶಿ ಚೀಟಿ ಕೆರೆದವಳು ನಾನು. ಓದಲು ಬರುವುದಿಲ್ಲ.

ಇವತ್ತು ಬೆಳಿಗ್ಗೆ ಕೆಲಸಕ್ಕೆ ಬಂದವಳೇ ಮೇಸ್ತ್ರಿಯ ಕಾಲು ಹಿಡಿದಿದ್ದೆ. ಒಂದೇ ಒಂದು ಚೀಟಿ ಕೊಡಿ ಎಂದೆ.

"ನಿನ್ನ ಗಂಡ ಕುಡಿದು ಕುಡಿದು ಕಿಡ್ನಿ ಕೆಡಿಸ್ಕೊಂಡಿದ್ದಾನೆ. ಕಂಪನಿ ಗುಟ್ಟು ನಿನ್ನಂಥ ಬೋಸುಡಿಗೆ ಕೊಡ್ಬೇಕಾ?" ಎಂದು ಕಾಲು ಕೊಡವಿದ. ನನ್ನ ಗಂಡ ಕುಡಿತ ಮುಟ್ಟಿದವನಲ್ಲ.

ಈಗ ಮೇಸ್ತ್ರಿ ಅತ್ತ ಹೋದದ್ದೇ ಇನ್ನೊಂದು ಡ್ರಮ್ಮಿಗೆ ಕೈ ಹಾಕಿದೆ. ಉಗುರು ತಾಗಿಸದೆ, ಅಂಚಿನಿಂದ ಮೆಲ್ಲಗೆ ಎಬ್ಬಿಸಿದೆ. ಹಾಲಿನ ಕೆನೆಯ ಹಾಗೆ ಚೀಟಿ ಇಡಿಯಾಗಿ ಬಂತು. ಗೇಟಿನಲ್ಲಿ ಸೊಂಟ, ಸೆರಗು, ತುರುಬು ಎಲ್ಲ ತಡಕುತ್ತಾರೆ. ಸೋರಿದ ಔಷಧಿಯಲ್ಲಿ ತೊಯ್ದಿದ್ದ ಅದನ್ನು ಮಡಿಸಿ ಬಾಯಿಗೆ ಹಾಕಿಕೊಂಡೆ.

ನಾಲಿಗೆ ಉರಿಯಿತು, ಆಮೇಲೆ ಮರಗಟ್ಟಿತು. ಗೇಟಿನಲ್ಲಿ ಮೇಸ್ತ್ರಿ ನಿಂತಿದ್ದ. ಕೆಲಸ ಬಿಟ್ಟು ಎಲ್ಲಿಗೆ ಹೊರಟೆ ಎಂದು ಕೇಳಿದ. ನಾನು ತುಟಿ ಬಿಚ್ಚಲಿಲ್ಲ.

"ಕೊಬ್ಬು ನೋಡು ಇವಳಿಗೆ. ನಾಳೆ ಬಾ, ಇಳಿಸ್ತೀನಿ."

ಆಸ್ಪತ್ರೆಯವರೆಗೂ ಓಡಿದೆ. ಡಾಕ್ಟರಮ್ಮನ ಮೇಜಿನ ಮೇಲೆ ಚೀಟಿಯನ್ನು ಉಗಿದೆ. ಜೊಲ್ಲಿನ ಜೊತೆ ರಕ್ತವೂ ಬಿತ್ತು. ಅವರು ಗ್ಲೌಸು ಹಾಕಿ ಅದನ್ನು ಬಿಡಿಸಿದರು. ಅಕ್ಷರಗಳು ಹಾಗೇ ಇದ್ದವು. ಫೋನಿನಲ್ಲಿ ಯಾರಿಗೋ ಚೀಟಿಯಲ್ಲಿದ್ದ ಔಷಧಿಗಳ ಹೆಸರು ಒಂದೊಂದಾಗಿ ಓದಿ ಹೇಳಿ ನನ್ನ ಕಡೆ ತಿರುಗಿದರು.

"ಬಾಯಿ ತೆಗಿಯಮ್ಮ, ನೋಡೋಣ."

ನಾನು ಬಾಯಿ ತೆಗೆಯಲಿಲ್ಲ. ಗಂಡನ ಮಂಚದತ್ತ ಕೈ ತೋರಿಸಿದೆ.