ಒಟ್ಟಿಗೆ ಬಂದ ಸೂಲಂಗಿ

ಮೊದಲೇ ಕ್ಷಮೆ ಕೇಳಿಬಿಡುವುದು ಒಳ್ಳೆಯದು. ಬೇಸಾಯದ ಕತೆ ಹೇಳಲು ಬೇಸಾಯ ಮಾಡಿದವರೇ ಬೇಕು. ಇದನ್ನು ಹೇಳುವ ಕೈಗೆ ಗುದ್ದಲಿಯ ಅಭ್ಯಾಸವಿಲ್ಲ. ತಪ್ಪು ಕಂಡರೆ ಬಲ್ಲವರು ತಿದ್ದಿಕೊಳ್ಳಬೇಕು. ದರ್ಜಿಯ ಸಂಕಟವನ್ನು ಮಾತ್ರ ಇದ್ದಂತೆಯೇ ಹೇಳಬೇಕೆಂಬ ಆಸೆ.

ದರ್ಜಿಗೆ ಪೇಟೆಯಲ್ಲೊಂದು ಹೊಲಿಗೆ ಅಂಗಡಿ, ಬೆಟ್ಟದ ಮೈಯಲ್ಲೊಂದು ತುಂಡು ಹೊಲ. ಅದರ ಮೇಲಿನ ಮೆಟ್ಟಿಲಿನ ಹೊಲ ಅತ್ತಿಗೆಯದು. ಅಣ್ಣ ತೀರಿಕೊಂಡ ಮೇಲೆ ಅತ್ತಿಗೆಯೇ ಅದನ್ನು ನೋಡಿಕೊಳ್ಳುತ್ತಿದ್ದರು. ಹಿಂದೆ ಆ ಬೆಟ್ಟದಲ್ಲಿ ಮನೆಗೊಂದು ಬಗೆಯ ಮುಸುಕಿನ ಜೋಳವಿತ್ತಂತೆ. ನೆತ್ತಿಯವರದು ಕೆಂಪು, ತೊರೆಯ ಬದಿಯವರದು ಕಪ್ಪು ಚುಕ್ಕೆಯದು, ಬಂಡೆಯ ಮಗ್ಗುಲಿನವರದು ಹಲ್ಲಿನಂತೆ ಚೂಪಾದದ್ದು. ಒಬ್ಬರನ್ನು ನೋಡಿ ಒಬ್ಬರು ಅಂಗಡಿ ಬೀಜಕ್ಕೆ ಬಿದ್ದರು. ಉಳಿದದ್ದು ಅತ್ತಿಗೆಯ ಬಿಳಿ ಜೋಳ ಒಂದೇ. ತೆನೆ ಗಿಡ್ಡ, ನೋಡಲು ಸೊಟ್ಟ. ಆದರೆ ಚಳಿ ಬೇಗ ಇಳಿದ ವರ್ಷವೂ ಅದು ಕಾಳು ಕಟ್ಟದೆ ಬಿಟ್ಟದ್ದಿಲ್ಲ.

ಸೂಲಂಗಿ ಎಂದರೆ ಜೋಳದ ಗಿಡದ ತುದಿಗೆ ಬರುವ ಗಂಡು ಹೂವು. ಅದರ ಪುಡಿ ಗಾಳಿಯಲ್ಲಿ ಹಾರಿ ಪಕ್ಕದ ಹೊಲದ ತೆನೆಗೆ ಬಿದ್ದರೆ ತಳಿ ಬೆರೆಯುತ್ತದೆ, ಹಳೆಯ ಗುಣ ಉಳಿಯುವ ಖಾತ್ರಿಯಿಲ್ಲ. ಹಾಗಾಗದಿರಲೆಂದೇ ಅಲ್ಲೊಂದು ಕಟ್ಟುಪಾಡು: ಮೇಲಿನವರ ಗಿಡ ಮೊಣಕಾಲೆತ್ತರ ಬರುವ ತನಕ ಕೆಳಗಿನವರು ಬಿತ್ತುವಂತಿಲ್ಲ. ಮೇಲಿನದು ಹೂಬಿಟ್ಟು ಮುಗಿಸಿದ ಮೇಲೆ ಕೆಳಗಿನದರ ಸರದಿ. ದರ್ಜಿ ಇದರಲ್ಲಿ ಕೂದಲೆಳೆಯಷ್ಟೂ ತಪ್ಪಲಿಲ್ಲ. ಅಳತೆಯ ಟೇಪು ಒಯ್ದು, ಗಿಡಕ್ಕೊಮ್ಮೆ ತನ್ನ ಮೊಣಕಾಲಿಗೊಮ್ಮೆ ಹಿಡಿದು ನೋಡಿ, ಆಮೇಲೆ ಬಿತ್ತಿದ.

"ಏನಪ್ಪಾ, ನನ್ನ ಜೋಳಕ್ಕೆ ಪ್ಯಾಂಟು ಹೊಲೀತೀಯಾ?" ಎಂದು ಅತ್ತಿಗೆ ನಕ್ಕಿದ್ದರು.

ಅವನು ತಂದದ್ದು ಅಂಗಡಿ ಬೀಜ. ಅದೂ ಬಿಳಿಯೇ, ಬೇಗ ಕೊಯ್ಲಿಗೆ ಬರುವ ತಳಿ. ಬೇಗ ಕೊಯ್ಲಿಗೆ ಬರುವುದು ಬೇಗ ಹೂವನ್ನೂ ಬಿಡುತ್ತದೆ ಎಂಬುದು ಅವನಿಗೆ ಹೊಳೆಯಲೇ ಇಲ್ಲ. ತಡವಾಗಿ ಬಿತ್ತಿದ ಪೈರು ದಾಪುಗಾಲು ಹಾಕಿ ಮೇಲಿನದನ್ನು ಹಿಡಿದುಬಿಟ್ಟಿತು. ಒಂದು ಬೆಳಗ್ಗೆ ಬಂದು ನೋಡಿದರೆ ಎರಡು ಹೊಲದಲ್ಲೂ ಸೂಲಂಗಿ!

ತಾಯಿ ಕಾಲು ಮುರಿದುಕೊಂಡರೆಂದು ಅತ್ತಿಗೆ ಆಗ ತವರಿಗೆ ಹೋಗಿದ್ದರು. ದರ್ಜಿ ಅಂಗಡಿಯ ಕತ್ತರಿಯನ್ನೇ ತಂದು ತನ್ನ ಗಿಡಗಳ ಸೂಲಂಗಿ ಕತ್ತರಿಸತೊಡಗಿದ. ಮೇಲಿನ ಬದಿಯ ಸಾಲುಗಳು ಮುಗಿಯುವಷ್ಟರಲ್ಲಿ ಹೆಂಡತಿ ಬದುವಿನ ಮೇಲೆ ಬಂದು ನಿಂತಳು.

"ಎಲ್ಲಾ ಕತ್ತರಿಸಿಬಿಟ್ರೆ ನಮ್ಮ ತೆನೆಗೆ ಕಾಳು ಹೇಗ್ರೀ ಕಟ್ಟುತ್ತೆ? ಬರೀ ದಿಂಡು ಬೇಯಿಸಿ ಹಾಕ್ಲಾ ನಿಮಗೆ?"

ಅವನ ಕೈ ನಿಂತಿತು. ಗಾಳಿ ಕೆಳಗಿನಿಂದ ಮೇಲಕ್ಕೆ ಬೀಸುತ್ತಿತ್ತು. ಹಳದಿ ಪುಡಿ ಅವನ ಅಂಗಿಯ ತೋಳಿನ ಮೇಲೂ ಉದುರಿತ್ತು. ಅದನ್ನು ಕೊಡವಿಕೊಂಡು ಅಂಗಡಿಗೆ ಹೊರಟುಹೋದ.

ಅತ್ತಿಗೆ ಮರಳಿದಾಗ ಎರಡು ಹೊಲದ ಹೂವೂ ಒಣಗಿತ್ತು. ತೆನೆ ಬಿಚ್ಚಿದರೆ ಒಳಗೆ ಎಂದಿನ ಬಿಳಿ ಕಾಳು. ಬಿಳಿಗೆ ಬಿಳಿ ಬೆರೆತರೆ ಯಾರ ಕಣ್ಣಿಗೆ ಕಂಡೀತು? ಆದರೆ ಕಳ್ಳನ ಮನಸ್ಸು ಹುಳ್ಳಹುಳ್ಳಗೆ. ಅತ್ತಿಗೆ ಒಂದು ತೆನೆಯನ್ನು ಬೆಳಕಿಗೆ ಹಿಡಿದರೂ ಸಾಕು, ದರ್ಜಿ ಏನೋ ನೆವ ಹೇಳಿ ಎದ್ದುಹೋಗುತ್ತಿದ್ದ.

ಮುಂದಿನ ಬಿತ್ತನೆಯ ಹೊತ್ತಿಗೆ ಗುಡ್ಡದಾಚೆಯಿಂದ ಒಬ್ಬ ಹೆಂಗಸು ತಮ್ಮ ಊರಿನವರೆಲ್ಲರ ಪರವಾಗಿ ಬೀಜ ಕೇಳಿಕೊಂಡು ಬಂದಳು. ಅವರ ಅಂಗಡಿ ಜೋಳ ಕಾಳು ಕಟ್ಟುವ ಮೊದಲೇ ಮಂಜಿಗೆ ಸುಟ್ಟುಹೋಗಿತ್ತು. ಅತ್ತಿಗೆ ಕೊಡಲು ಒಪ್ಪಿ, ಬೀಜದ ಚೀಲಗಳನ್ನು ಹೊಲಿಯಲು ಮೈದುನನನ್ನೇ ಕರೆಸಿದರು. ನಡುಮನೆಯಲ್ಲಿ ಕಾಳಿನ ರಾಶಿ. ಅತ್ತಿಗೆ ತುಂಬುವುದು, ಅವನು ಹೊಲಿಯುವುದು.

"ನಮ್ಮ ಮೈದುನನ ಹೊಲಿಗೆ ಬಿಚ್ಚೋಕೆ ಕೊಡಲಿ ತರಬೇಕು ನೋಡಮ್ಮ," ಎಂದರು ಅತ್ತಿಗೆ.

ಹೆಂಗಸು ನಗಲಿಲ್ಲ. "ನಮ್ಮ ಮಕ್ಕಳ ಹೊಟ್ಟೆ ಇದರ ಮೇಲೇ ನಿಂತಿದೆ ಅಕ್ಕಾ. ಚಳಿಗೆ ಜಗ್ಗಲ್ಲ ತಾನೇ?"

"ಜಗ್ಗೋದಾ? ನನ್ನ ಅತ್ತೆ ಕಾಲದಿಂದ ಜಗ್ಗಿಲ್ಲ."

ದರ್ಜಿಯ ಸೂಜಿ ನಿಂತಿತು. "ಅತ್ತಿಗೆ, ಇದು ಬರೀ ನಿಮ್ಮ ಜೋಳ ಅಲ್ಲ."

"ಮತ್ತೆ? ನಿಮ್ಮ ತಾತಂದಾ?"

ಅವನು ತಡವರಿಸುತ್ತಾ ಹೇಳಿದ: ತಡವಾಗಿ ಬಿತ್ತಿದ್ದು, ಅದು ಬೇಗ ಹೂಬಿಟ್ಟಿದ್ದು. ಅತ್ತಿಗೆಯ ಕೈಯಲ್ಲಿದ್ದ ಮೊರ ಮೆಲ್ಲಗೆ ನೆಲಕ್ಕಿಳಿಯಿತು.

"ಕಣ್ಣಿಗೆ ಬಿದ್ದ ಮೇಲೆ ಸೂಲಂಗಿ ಕತ್ತರಿಸಲಿಲ್ವೇನೋ?"

"ಕತ್ತರಿಸಿದೆ ಅತ್ತಿಗೆ."

ಸುಳ್ಳಲ್ಲ. ಅರ್ಧಕ್ಕೇ ನಿಲ್ಲಿಸಿದ್ದನ್ನು ಮಾತ್ರ ಅವನು ನುಂಗಿಕೊಂಡ.

"ಒಂದು ಫೋನ್ ಮಾಡೋಕೇನಾಗಿತ್ತು ನಿನಗೆ? ನಿನ್ನ ಹೊಲದ ಬದಿಯ ಸಾಲಿನ ತೆನೆನಾದ್ರೂ ಬೇರೆ ಇಡ್ತಿದ್ದೆ. ಈಗ ಬಿಡಿಸಿ ಒಂದೇ ರಾಶಿ ಮಾಡಿದ್ದೀನಲ್ಲೋ!"

"ಹಿಂದಿನ ವರ್ಷದ್ದು ಇಲ್ವಾ ಅಕ್ಕಾ?" ಎಂದಳು ಹೆಂಗಸು.

"ಇಲಿ ಪಾಲಾಯ್ತು."

ಹೆಂಗಸು ರಾಶಿಯನ್ನು ನೋಡಿದಳು, ದರ್ಜಿಯನ್ನು ನೋಡಿದಳು. "ಬೆರೆತಿದೆಯೋ ಇಲ್ವೋ, ನಮಗೆ ಬಿತ್ತೋಕೆ ಬೇರೆ ಏನಿದೆ? ಮುಗಿಸಿ ಅಣ್ಣಾ. ಬೆಳಕಿರುವಾಗಲೇ ಗುಡ್ಡ ದಾಟಬೇಕು."

ಅವನು ಮುಗಿಸಿದ. ಅತ್ತಿಗೆ ಕಾಳು ತುಂಬಿಕೊಟ್ಟರು ಅಷ್ಟೆ.

ಈಗಲೂ ಅತ್ತಿಗೆ ಅವನಿಂದ ರವಿಕೆ ಹೊಲಿಸುತ್ತಾರೆ, ಊಟದ ಹೊತ್ತಿಗೆ ಹೋದರೆ ತಟ್ಟೆ ಇಡುತ್ತಾರೆ. ಜೋಳದ ಮಾತು ಮಾತ್ರ ಆಡುವುದಿಲ್ಲ. ಉಳಿದರ್ಧ ಹೇಳಿಬಿಡಬೇಕೆಂದು ಅವನು ಎಷ್ಟೋ ಸಲ ಬೆಟ್ಟ ಹತ್ತುತ್ತಾನೆ. ಅವರ ತಾಯಿಯ ಕಾಲು ಹೇಗಿದೆ ಎಂದು ಕೇಳಿ ಇಳಿದುಬರುತ್ತಾನೆ.

ಗುಡ್ಡದಾಚೆ ಬಿತ್ತನೆಯಾಗಿದೆ, ಪೈರು ಹಸಿರಾಗಿದೆಯಂತೆ. ಚಳಿ ಇನ್ನೂ ಇಳಿದಿಲ್ಲ. ಆ ಕಾಳು ಬೆರೆತಿತ್ತೋ, ಎಷ್ಟು ಬೆರೆತಿತ್ತೋ, ಅವನು ಆವತ್ತು ಕೈ ನಿಲ್ಲಿಸದಿದ್ದರೆ ಬೆಟ್ಟದ ಕೊನೆಯ ಜೋಳ ಉಳಿಯುತ್ತಿತ್ತೋ, ದರ್ಜಿಗೆ ಗೊತ್ತಿಲ್ಲ. ಹೇಳುತ್ತಿರುವವರಿಗೂ ಗೊತ್ತಿಲ್ಲ.